ಮೋಟಾರಿಗೆ ಕಟ್ಟಿದ ಮಿಣಿ

“ಮಿಣಿ ಹೆಣೆಯೋರ ಮನ್ಯಾಗೆ ಇಂಜಿನಿಯರ್ ಹುಟ್ಟೋದೂ, ನನ್ನ ಬಾವಿ ನೀರು ತಾನೇ ಎದ್ದು ಮ್ಯಾಲೆ ಬರೋದೂ ಒಂದೇ ದಿವಸ ಕಣಲೇ” ಎಂದು ನನ್ನ ಅಪ್ಪನಿಗೆ ಹೇಳಿದವರು ನಮ್ಮೂರ ಪಟೇಲ ಗುರುಶಾಂತಪ್ಪನವರು. ನಾನಾಗ ಜಗಳೂರಿನ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಎತ್ತು ಕಟ್ಟಿ ನೀರೆಳೆಯುವ ಪಟೇಲರ ಕಪಿಲೆ ಬಾವಿಗೆ ಹೊಸ ಮಿಣಿ ಒಪ್ಪಿಸಲು ಹೋದ ಅಪ್ಪ, ಮಗ ಲೆಕ್ಕದಲ್ಲಿ ಕ್ಲಾಸಿಗೇ ಮೊದಲು ಬಂದ ಎಂದು ಬಾಯಿತಪ್ಪಿ ಹೇಳಿಬಿಟ್ಟಿದ್ದನಂತೆ. ಅದಕ್ಕೆ ಸಿಕ್ಕ ಬಹುಮಾನ ಈ ಮಾತು.

ಪಟೇಲರ ಭವಿಷ್ಯಜ್ಞಾನವನ್ನು ಹಗುರವಾಗಿ ಕಾಣಬಾರದು. ಅವರು ಹೇಳಿದ್ದರಲ್ಲಿ ಅರ್ಧ ಬೇಗನೆ ನಿಜವಾಯಿತು. ನೀರು ನನಗಿಂತ ಮೊದಲೇ ಮೇಲೆ ಬಂತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಊರಿಗೆ ಕರೆಂಟ್ ಕಂಬ ಬಂದು, ಪಟೇಲರ ಬಾವಿಯ ದಂಡೆಯಲ್ಲಿ ಪಂಪ್‌ಸೆಟ್ ಕೂತಿತು. ಗುಂಡಿ ಒತ್ತಿದರೆ ನೀರು. ಎತ್ತು ಬೇಡ, ನೀರು ತುಂಬಿ ತರುವ ತೊಗಲ ಚೀಲ ಬೇಡ. ಅದನ್ನು ಎಳೆಯುವ ಮಿಣಿ, ಅಂದರೆ ನಮ್ಮಪ್ಪ ಕೋಣನ ತೊಗಲು ಸೀಳಿ ಹೆಣೆಯುತ್ತಿದ್ದ ಹಗ್ಗ, ಅದಂತೂ ಬೇಡವೇ ಬೇಡ. ನಮ್ಮ ಕೇರಿಯ ಕಸುಬಿಗೆ ಕಲ್ಲು ಹಾಕಿದ ಆ ಮೋಟಾರಿಗೆ ಊರು ಕುಂಕುಮ ಹಚ್ಚಿ, ಕಾಯಿ ಒಡೆದು, ಮಂಡಕ್ಕಿ ಹಂಚಿತು. ನಾನು ದೂರ ನಿಂತು ನೋಡಿದೆ. ಹತ್ತಿರ ಹೋಗುವ ಹಾಗಿರಲಿಲ್ಲ ಎನ್ನಿ. ಈ ಗುಂಡುಕಲ್ಲಿನಂಥ ಮೋಟಾರಿನ ಬಲ ಎಷ್ಟಿರಬಹುದು, ಒಂದು ಕೈ ನೋಡಬೇಕಲ್ಲ ಎಂದುಕೊಂಡೆ.

ಇದನ್ನೆಲ್ಲ ಈಗ ಕೆದಕಲು ಕಾರಣ ಮೊನ್ನೆ ಮನೆಗೆ ಬಂದ ಹಳೇ ಪೇಪರಿನವನು. ಅವನ ಕೈಯಲ್ಲೊಂದು ಕೊಕ್ಕೆ ತಕ್ಕಡಿ. ಒಳಗೆ ಸ್ಪ್ರಿಂಗು, ಹೊರಗೆ ಮುಳ್ಳು. ಪೇಪರಿನ ಕಟ್ಟು ನೇತುಹಾಕುವ ಮೊದಲೇ ಆ ಮುಳ್ಳು ಸೊನ್ನೆಯನ್ನು ಬಿಟ್ಟು ತನಗೆ ಅನುಕೂಲವಾದ ಕಡೆ ಒರಗಿಕೊಂಡಿತ್ತು. ಮೊದಲು ಅದನ್ನು ಸೊನ್ನೆಗೆ ತಾರಪ್ಪ ಎಂದೆ. “ಇಷ್ಟು ವಯಸ್ಸಾದ ಮ್ಯಾಲೆ ಯಾರ ಮುಳ್ಳು ಸೊನ್ನೆಗೆ ನಿಲ್ತೈತೆ ಸ್ವಾಮಿ” ಎಂದ. ನನ್ನ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ನಾನು ಪೇಪರ್ ಕೊಟ್ಟು ಕಳಿಸಿದೆ. ಆದರೆ ಆ ತಕ್ಕಡಿ ನನ್ನನ್ನು ಬಿಡಲಿಲ್ಲ. ಇಂಥವೇ ಎರಡು ಮುಳ್ಳುಗಳ ನಡುವೆ ಒಂದು ದಿನ ನನ್ನ ಇಡೀ ಓದು ಸಿಕ್ಕಿಕೊಂಡಿತ್ತು.

ಇಂಜಿನಿಯರಿಂಗ್ ಓದುವಾಗ ರಜಾ ಬಂದರೆ ನಾನು ತ್ಯಾವಣಿಗೆಯ ಸೋದರಮಾವನ ಮನೆಗೆ ಹೋಗುತ್ತಿದ್ದೆ. ಅಲ್ಲಿಂದ ದಿನಾ ಚನ್ನಗಿರಿಗೆ. ಅಲ್ಲಿ ಹಾಲಪ್ಪನವರ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ಕರುಳು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಸುತ್ತುವುದು ನಾನು. ಪರೀಕ್ಷೆ ಮಾಡುವುದು ಹಾಲಪ್ಪನವರು. ಅವರ ಪರೀಕ್ಷೆ ನೋಡಲು ಚಂದ. ಸ್ವಿಚ್ಚು ಹಾಕುವುದು, ಕಿವಿ ಹತ್ತಿರ ಹಿಡಿಯುವುದು, ಆಮೇಲೆ ತಿರುಗುವ ಚಕ್ರಕ್ಕೆ ಗೋಣಿತಾಟು ಸುತ್ತಿ ಅಂಗೈಯಿಂದ ಒತ್ತಿ ಹಿಡಿಯುವುದು. “ನನ್ನ ಅಂಗೈಗಿಂತ ಮೀಟರು ಬೇಕೇನೋ” ಎನ್ನುತ್ತಿದ್ದರು. ಮೀಟರು ಸರಿಯೇ. ಆದರೆ ಮನೆಯಲ್ಲಿ ಜಗಳವಾಡಿ ಬಂದ ದಿನ ಅವರ ಹಿಡಿತಕ್ಕೆ ಒಳ್ಳೆಯ ಮೋಟಾರೂ ನಿಂತುಹೋಗುತ್ತಿತ್ತು. ಹೆಂಡತಿ ತವರಿಗೆ ಹೋದ ವಾರದಲ್ಲಿ ಎಂಥ ಮೋಟಾರಾದರೂ ಪಾಸು.

ಹಾಗೆ ಪಾಸಾದವುಗಳಲ್ಲಿ ನ್ಯಾಮತಿಯ ಹೋಟೆಲ್ ಗಿರಿಜಮ್ಮನ ರುಬ್ಬುವ ಯಂತ್ರದ ಮೋಟಾರೂ ಒಂದು. ಅಂಗಡಿಯಲ್ಲಿ ಅದು ಬುಗುರಿಯ ಹಾಗೆ ತಿರುಗಿತು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನ್ಯಾಮತಿಗೆ ಹೊತ್ತುಕೊಂಡು ಹೋಗಿ ಕೂರಿಸಿ ಬಂದೆ. ಮಾರನೆಯ ವಾರ ಮೋಟಾರು ವಾಪಸು ಬಂತು. ಮತ್ತೆ ಪರೀಕ್ಷೆ, ಮತ್ತೆ ಪಾಸು, ಮತ್ತೆ ಹೊನ್ನಾಳಿ, ಮತ್ತೆ ನ್ಯಾಮತಿ. ಕಂಡಕ್ಟರು ಮೋಟಾರಿಗೂ ಟಿಕೆಟ್ಟು ಕೊಡಬೇಕೆಂದು ಹಟ ಹಿಡಿದ; ಪುಣ್ಯಕ್ಕೆ ಅರ್ಧ ಟಿಕೆಟ್ಟು. ಈ ಸಲ ಗಿರಿಜಮ್ಮ ಬಾಗಿಲಲ್ಲೇ ನಿಂತಿದ್ದರು.

“ತಮ್ಮಾ, ನಿನ್ನ ಮೋಟ್ರು ಅಕ್ಕಿ ಹಾಕದಿದ್ರೆ ಭಾಳ ಚಂದ ರುಬ್ತೈತೆ. ಗಾಳಿ ಇಡ್ಲಿ ತಿನ್ನಾಕೆ ನಾಕು ಜನ ಗಿರಾಕಿ ಹುಡುಕ್ಕೊಡು, ಇಟ್ಕೊಳ್ತೀನಿ.”

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಇಂಜಿನಿಯರಿಂಗ್ ಓದುವ ಹುಡುಗ ಎಂದು ಅವರಿಗೆ ಹೇಳಿಕೊಂಡಿದ್ದವನು ನಾನೇ. ಆದರೆ ಗಿರಿಜಮ್ಮನ ಮಾತಿನಲ್ಲಿ ನಮ್ಮ ನಾಲ್ಕು ವರ್ಷದ ಪಾಠ ಇತ್ತು. ಬರಿ ಹೆಗಲಲ್ಲಿ ಓಡುವ ಎತ್ತನ್ನು ನೋಡಿ ಗಾಡಿ ಎಳೆಯುತ್ತದೆ ಎನ್ನಬಾರದು. ಮೋಟಾರಿನ ಮೇಲೆ ಭಾರ ಹಾಕಬೇಕು, ಭಾರ ಹೊತ್ತು ಎಷ್ಟು ತಿರುಗುತ್ತದೆ ನೋಡಬೇಕು. ಆ ಭಾರ ಹಾಲಪ್ಪನವರಂಥ ಅಂಗಡಿಗೂ ಎಟುಕುವಷ್ಟು ಅಗ್ಗವಾಗಿರಬೇಕು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಬರೆದುಕೊಟ್ಟೆ.

ಕಾಲೇಜಿನ ಹೆಸರು ಹೇಳುವುದಿಲ್ಲ. ಅಲ್ಲಿಂದ ಪೆನ್ಶನ್ ತೆಗೆದುಕೊಳ್ಳುತ್ತಿರುವವರು ಇನ್ನೂ ಇದ್ದಾರೆ, ಅವರ ನಾಷ್ಟಾ ಕೆಡಿಸುವುದು ಬೇಡ. ಮೋಟಾರಿಗೆ ಭಾರ ಹಾಕಿ ಅಳೆಯುವ ಪರದೇಶದ ಯಂತ್ರವೊಂದು ನಮ್ಮ ಲ್ಯಾಬಿನಲ್ಲಿ ಇತ್ತು. ಇತ್ತು ಎನ್ನುವುದಕ್ಕಿಂತ ನೆಲೆಸಿತ್ತು ಎನ್ನುವುದು ವಾಸಿ. ಅದಕ್ಕೊಂದು ಮಖಮಲ್ಲಿನ ಹೊದಿಕೆ, ಮುಂದೊಂದು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಊದುಬತ್ತಿ, ಕುಂಕುಮ, ವಿಭೂತಿ ಗಟ್ಟಿ. ಲ್ಯಾಬಿನ ಉಸ್ತುವಾರಿ ಸದಾಶಿವಯ್ಯನವರದು. ಪ್ರತಿ ಶುಕ್ರವಾರ ಹೊದಿಕೆ ಸರಿಸಿ, ಯಂತ್ರದ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಮತ್ತೆ ಮುಚ್ಚುತ್ತಿದ್ದರು. ಬಳಸಲು ಕೇಳಿದರೆ, ಕೆಟ್ಟರೆ ಯಾರು ಹೊಣೆ ಎನ್ನುತ್ತಿದ್ದರು. ಕೆಡಬಾರದು ಎಂದೇ ಅದನ್ನು ಯಾರೂ ಓಡಿಸಿರಲಿಲ್ಲ. ಹುಟ್ಟಾ ಬ್ರಹ್ಮಚಾರಿ. ಪುಸ್ತಕದಲ್ಲಿ ಅದರ ಚಿತ್ರ ನೋಡಿ, ತಟ್ಟೆಯ ಈಚೆ ನಿಂತು ಕೈಮುಗಿದು, ಬ್ಯಾಚಿನ ಮೇಲೆ ಬ್ಯಾಚು ಪಾಸಾಗಿ ಹೋಗಿದ್ದವು.

ನನ್ನ ಯಂತ್ರಕ್ಕೆ ಅಂಥ ಯೋಗವಿರಲಿಲ್ಲ. ಮೋಟಾರಿನ ಅಚ್ಚಿಗೊಂದು ಚಕ್ರ. ಚಕ್ರದ ಮೇಲೊಂದು ಪಟ್ಟಿ. ಪಟ್ಟಿಯ ಎರಡು ತುದಿಗೂ ಒಂದೊಂದು ಕೊಕ್ಕೆ ತಕ್ಕಡಿ. ತಿರುಪು ಬಿಗಿ ಮಾಡಿದರೆ ಪಟ್ಟಿ ಚಕ್ರವನ್ನು ಅಪ್ಪಿ ಹಿಡಿಯುತ್ತದೆ, ಚಕ್ರ ಪಟ್ಟಿಯನ್ನು ತನ್ನ ಜೊತೆ ಎಳೆದೊಯ್ಯಲು ನೋಡುತ್ತದೆ. ಆಗ ಒಂದು ತಕ್ಕಡಿಯ ಮುಳ್ಳು ಏರಿ ಇನ್ನೊಂದರದು ಹಿಂದೆ ಬೀಳುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಮೋಟಾರಿನ ಯೋಗ್ಯತೆ. ಇದು ನಾನು ಕಂಡುಹಿಡಿದದ್ದಲ್ಲ, ಪುಸ್ತಕದಲ್ಲೇ ಇತ್ತು. ಪುಸ್ತಕದಿಂದ ಇಳಿಸಿ ಅಂಗಡಿಯ ಮೂಲೆಗೆ ತರಬೇಕಿತ್ತು, ಅಷ್ಟೆ. ಚಕ್ರ ಹಳೇ ಹಿಟ್ಟಿನ ಗಿರಣಿಯದು. ತಕ್ಕಡಿಗಳು ಹೊನ್ನಾಳಿ ಸಂತೆಯಲ್ಲಿ ಮೆಣಸಿನಕಾಯಿ ತೂಗಿ ನಿವೃತ್ತವಾದವು. ಮುಳ್ಳು ಓದಲು ಹತ್ತಿರ ಹೋದವನು ಸೀನದೆ ವಾಪಸು ಬರುತ್ತಿರಲಿಲ್ಲ.

ಕಾಡಿದ್ದು ಪಟ್ಟಿ. ಹತ್ತಿ ಹಗ್ಗ ಕಟ್ಟಿದೆ, ಹೊಗೆಯಾಡಿ ಕರಿಯಾಯಿತು. ನೈಲಾನು ಕಟ್ಟಿದೆ, ಬೆಲ್ಲದ ಪಾಕದ ಹಾಗೆ ಕರಗಿ ಚಕ್ರಕ್ಕೆ ಅಂಟಿತು. ಊರಿಗೆ ಹೋದಾಗ ಅಪ್ಪನ ಮುಂದೆ ಹೇಳಿಕೊಂಡೆ. ಅಪ್ಪ ಅಟ್ಟದಿಂದ ಒಂದು ಸುರುಳಿ ಇಳಿಸಿದ. ಮಿಣಿಗೆಂದು ಹದ ಮಾಡಿ ಇಟ್ಟಿದ್ದ ಕೊನೆಯ ತೊಗಲು. ಪಂಪ್‌ಸೆಟ್ಟು ಬಂದ ಮೇಲೆ ಅದನ್ನು ಕೇಳುವವರು ಇರಲಿಲ್ಲ, ಮಾರಲು ಅಪ್ಪನಿಗೂ ಮನಸ್ಸಿರಲಿಲ್ಲ. ಅದರಿಂದ ನೂಲು ಹಿಡಿದ ಹಾಗೆ ನೇರವಾಗಿ ಒಂದು ಬಾರು ಕೊಯ್ದು ಕೊಟ್ಟ. ಚನ್ನಗಿರಿಯ ಅಂಗಡಿಯಲ್ಲಿ ಕಟ್ಟಿ ಓಡಿಸಿದೆ. ಸುಡಲಿಲ್ಲ, ಕರಗಲಿಲ್ಲ, ಹಿಡಿದದ್ದನ್ನು ಬಿಡಲಿಲ್ಲ.

ಲ್ಯಾಬಿಗೆ ತಂದಾಗ ಸದಾಶಿವಯ್ಯನವರು ಮಾತ್ರ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. “ತೊಗಲೇನ್ರೀ ಇದು? ಪೂಜೆ ಮಾಡೋ ಜಾಗದಾಗೆ ತೊಗಲು ತರ್ತೀರಲ್ರೀ.” ಅವರ ಕೈಗಡಿಯಾರದ ಪಟ್ಟಿ ಯಾವ ಮರದ ತೊಗಟೆಯದು ಎಂದು ನಾನು ಕೇಳಲಿಲ್ಲ. ಕೊನೆಗೆ ಬಾಗಿಲ ಪಕ್ಕದ ಮೂಲೆ ಕೊಟ್ಟರು. ಮೂಲೆಯಲ್ಲಿ ಕೆಲಸ ಮಾಡುವುದು ನಮಗೇನು ಹೊಸದಲ್ಲವಲ್ಲ.

ಮೌಖಿಕ ಪರೀಕ್ಷೆಯ ದಿನ ಬಂತು. ಹೊರಗಿನ ಕಾಲೇಜಿನಿಂದ ಪರೀಕ್ಷಕರೊಬ್ಬರು ಬಂದು, ಯಂತ್ರ ಓಡಿಸಿ ತೋರಿಸಿ ಎನ್ನುತ್ತಾರೆ. ಓಡಿದರೆ ಪಾಸು, ಇಲ್ಲದಿದ್ದರೆ ಮುಂದಿನ ವರ್ಷ. ಬೇರೆಯವರಿಗೆ ಮುಂದಿನ ವರ್ಷ ಎಂಬುದೊಂದು ಇತ್ತು. ನನ್ನ ಹಾಸ್ಟೆಲ್ ಸೀಟು ಆ ವರ್ಷಕ್ಕೆ ಮುಗಿಯುತ್ತಿತ್ತು. ಊಟವಿಲ್ಲ, ಚಾಪೆಯಿಲ್ಲ, ಊರಿಗೆ ಹೋದರೆ ಕಸುಬೂ ಇಲ್ಲ. ನಮ್ಮ ವಂಶದಲ್ಲೇ ಮೊದಲ ಪದವೀಧರ ಎಂದು ನಾನಾಗಲೇ ನೆಂಟರಲ್ಲಿ ಹೇಳಿಕೊಂಡು ತಿರುಗಿದ್ದೆ. ಆ ಬಡಾಯಿಯೆಲ್ಲ ಈಗ ಒಂದು ಬಾರಿನ ಮೇಲೆ ನಿಂತಿತ್ತು.

ಅಪ್ಪ ಹಿಂದಿನ ದಿನವೇ ಬಂದು ಹಾಸ್ಟೆಲಿನಲ್ಲಿ ನನ್ನ ಜೊತೆ ಮಲಗಿದ್ದ. ಬೆಳಿಗ್ಗೆ ನಾನು ಸ್ನಾನಕ್ಕೆ ಸಾಲಿನಲ್ಲಿ ನಿಂತು, ಗೆಳೆಯನ ಇಸ್ತ್ರಿ ಶರ್ಟು ಬೇಡಿ ತೊಟ್ಟು ಬರುವಷ್ಟರಲ್ಲಿ ಅಪ್ಪ ಬಾರನ್ನು ಸುತ್ತಿ ಚೀಲದೊಳಗೆ ಇಟ್ಟು ತಯಾರಾಗಿದ್ದ. ಮುಖದಲ್ಲಿ ಏನೋ ತೃಪ್ತಿ. ನಾನು ಅದನ್ನು ಹೆಮ್ಮೆ ಎಂದು ತಿಳಿದೆ.

ಗಿರಿಜಮ್ಮನ ಮೋಟಾರನ್ನೇ ಪರೀಕ್ಷೆಗೆ ತಂದಿದ್ದೆ. ಪರೀಕ್ಷಕರು ತೆಳ್ಳಗಿನ ವ್ಯಕ್ತಿ, ಕಣ್ಣಲ್ಲಿ ಬಸ್ಸಿನ ಚಿಂತೆ. ನಾನು ಅವಸರದಲ್ಲೇ ಬಾರು ಕಟ್ಟಿ, ಸ್ವಿಚ್ಚು ಹಾಕಿ, ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಹೇಳುತ್ತಾ ತಿರುಪು ಬಿಗಿದೆ. ಎರಡೂ ಮುಳ್ಳು ಏರಿದವು. ಇನ್ನಷ್ಟು ಬಿಗಿದೆ, ಇನ್ನಷ್ಟು ಏರಿದವು. ಆದರೆ ಜೋಡೆತ್ತಿನ ಹಾಗೆ, ಒಂದೇ ಹೆಜ್ಜೆ. ವ್ಯತ್ಯಾಸ ಅನ್ನುವುದೇ ಇಲ್ಲ. ಚಕ್ರ ಬಾರಿನ ಕೆಳಗೆ ನುಣ್ಣಗೆ ಜಾರಿಕೊಂಡು, ಭಾರದ ಹಂಗಿಲ್ಲದೆ ಹಾಡುತ್ತಾ ತಿರುಗುತ್ತಿತ್ತು. ಅಷ್ಟರಲ್ಲಿ ಒಂದು ವಾಸನೆ ಎದ್ದಿತು. ಹಸಿ ಬಾಣಂತಿಯ ಕೋಣೆಯ ವಾಸನೆ. ಬಿಸಿ ಹರಳೆಣ್ಣೆ.

ಪರೀಕ್ಷಕರು ಮೂಗಿಗೆ ಕರ್ಚೀಫು ಹಿಡಿದರು. “ಏನ್ರೀ, ಮೋಟಾರಿಗೆ ಲೋಡ್ ಹಾಕ್ತೀರೋ, ಎಣ್ಣೆ ಸ್ನಾನ ಮಾಡಿಸ್ತೀರೋ?”

ಸದಾಶಿವಯ್ಯನವರು ಬಾಗಿಲಲ್ಲಿ ನಿಂತು, ಇದು ಹೀಗೇ ಆಗುತ್ತದೆಂದು ತಮಗೆ ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿದರು. ಪರೀಕ್ಷಕರು ಗಡಿಯಾರ ನೋಡಿ, ಉಳಿದವರದು ಮುಗಿಸಿ ಬರುತ್ತೇನೆ, ಅಷ್ಟರೊಳಗೆ ರೀಡಿಂಗ್ ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಎಂದು ಪಕ್ಕದ ಕೋಣೆಗೆ ಹೋದರು. ನಾನು ಹೊರಗೆ ಓಡಿದೆ. ಅಪ್ಪ ಮೆಟ್ಟಿಲಿನಿಂದ ದೂರ, ಬೇವಿನ ನೆರಳಲ್ಲಿ ಕೂತಿದ್ದ.

“ಅಪ್ಪಾ, ಬಾರಿಗೆ ಏನು ಮಾಡಿದಿ?”

“ಒಣಗಿತ್ತು. ಎಣ್ಣೆ ಉಣಿಸಿದೆ. ಯಾಕೆ, ಚಂದ ಓಡ್ತಿಲ್ಲೇನು?”

“ಓಡ್ತೈತೆ. ಓಡಬಾರದಿತ್ತು.”

“ಓಡಬಾರದಂಥ ಮಿಶಿನ್ನು ಮಾಡಾಕೆ ನಾಕು ವರ್ಸ ಓದಬೇಕೇನೋ ತಮ್ಮಾ?”

ಅಪ್ಪನ ಕಡೆಯಿಂದ ನೋಡಿದರೆ ಅವನದು ತಪ್ಪೇ ಅಲ್ಲ. ಒಣ ಬಾರು ಹೊಸ್ತಿಲು ದಾಟಿದರೆ ಕಸುಬಿನವನ ಮಾನ ಹೋಯಿತು ಎನ್ನುವ ಮನೆ ನಮ್ಮದು. ಯಾರದೇ ಮಿಣಿಯಾಗಲಿ, ಒಪ್ಪಿಸುವ ದಿನ ಹರಳೆಣ್ಣೆ ಕುಡಿದೇ ಹೋಗಬೇಕು; ಗಾಲಿಯ ಮೇಲೆ ಬೆಣ್ಣೆಯ ಹಾಗೆ ಜಾರಬೇಕು. ಮದುವೆಗೆ ಹೊರಟ ಮಗುವಿಗೆ ತಲೆ ಬಾಚಿ ಕಳಿಸುವಂತೆ ಅಪ್ಪ ಬಾರನ್ನು ಸಿಂಗರಿಸಿ ಕಳಿಸಿದ್ದ. ಜಾರದೆ ಹಿಡಿಯುವುದಕ್ಕೆಂದು ಯಾರಾದರೂ ಮಿಣಿ ಬಳಸುತ್ತಾರೆಂದು ನಮ್ಮ ಏಳು ತಲೆಮಾರಿಗೆ ಗೊತ್ತಿರಲಿಲ್ಲ. ಹೇಳಿ ತಿಳಿಸಲು ನನಗೆ ಹೊತ್ತಿರಲಿಲ್ಲ.

ಎಣ್ಣೆ ಹೀರಲು ಬೂದಿ ಬೇಕು. ಅವ್ವ ಪಾತ್ರೆ ತಿಕ್ಕುವುದು ನೋಡಿ ಕಲಿತ ವಿಜ್ಞಾನ ಇದು, ಸಿಲಬಸ್ಸಿನದಲ್ಲ. ಹಾಸ್ಟೆಲಿನ ಒಲೆ ದೂರ. ಕಾಲೇಜಿನ ಕ್ಯಾಂಟೀನಿನಲ್ಲಿ ಸೀಮೆಎಣ್ಣೆ ಸ್ಟೋವು. ಲ್ಯಾಬಿನ ಬಾಗಿಲಲ್ಲಿ ನಿಂತು ಸುತ್ತ ನೋಡಿದೆ. ಎದುರಿಗೆ ಮಖಮಲ್ಲು ಹೊದ್ದ ದೇವರು. ಅದರ ಮುಂದೆ ತಟ್ಟೆ. ತಟ್ಟೆಯಲ್ಲಿ ಒಳ್ಳೆಯ, ನುಣುಪಾದ, ಜರಡಿ ಹಿಡಿದು ಕಟ್ಟಿದ ಬೂದಿ.

ನಾನು ವಿಭೂತಿ ಗಟ್ಟಿ ಎತ್ತಿಕೊಂಡದ್ದು, ಬೆಂಚಿನ ಮೇಲೆ ಕುಟ್ಟಿ ಪುಡಿ ಮಾಡಿದ್ದು, ಬಾರಿಗೆ ಸುರಿದು ತಿಕ್ಕತೊಡಗಿದ್ದು ಎಲ್ಲ ಒಂದೇ ಉಸಿರಿನಲ್ಲಿ. ಸದಾಶಿವಯ್ಯನವರ ಕೂಗು ಇಡೀ ಲ್ಯಾಬಿಗೆ ಕೇಳಿಸಿತು. “ಪೂಜೆ ತಟ್ಟೆ ಮುಟ್ಟಿದಿರಲ್ರೀ. ಅದೂ ತೊಗಲಿಗೆ. ತೊಗಲಿಗೆ ವಿಭೂತಿಯೇನ್ರೀ?”

ತಾವು ಹಣೆಗೆ ಹಚ್ಚಿಕೊಂಡಿರುವುದೂ ತೊಗಲಿನ ಮೇಲೇ ಅಲ್ಲವೇ ಸರ್ ಎಂಬ ಉತ್ತರ ನನಗೆ ಈಗ ಹೊಳೆದಿದೆ. ಆಗಲೇ ಹೊಳೆದಿದ್ದರೂ ಹೇಳುತ್ತಿರಲಿಲ್ಲ ಬಿಡಿ. ಲ್ಯಾಬಿನ ಅಂಕಗಳು ಅವರ ಕೈಯಲ್ಲಿದ್ದವು, ನನ್ನ ಧೈರ್ಯ ಅಂಕಪಟ್ಟಿ ನೋಡಿಕೊಂಡೇ ಏಳುತ್ತಿತ್ತು. ತಲೆ ತಗ್ಗಿಸಿ ತಿಕ್ಕಿದೆ. ಒರೆಸಿದೆ, ಮತ್ತೆ ಪುಡಿ ಹಾಕಿ ತಿಕ್ಕಿದೆ. ಗೆಳೆಯನ ಇಸ್ತ್ರಿ ಶರ್ಟಿನ ಚುಂಗೇ ಒರಸುಬಟ್ಟೆಯಾಯಿತು. ಆ ಗೆಳೆತನ ಅಲ್ಲಿಗೇ ಮುಗಿಯಿತು.

ಗದ್ದಲ ಕೇಳಿ ಪರೀಕ್ಷಕರು ವಾಪಸು ಬಂದರು. ಸದಾಶಿವಯ್ಯನವರು ಪೂಜೆ, ಮೈಲಿಗೆ, ಶಿಸ್ತು ಎಂದು ಮೂರನ್ನೂ ಕಲೆಸಿ ದೂರು ಹೇಳಿದರು. ಪರೀಕ್ಷಕರು ದೂರು ಕೇಳುತ್ತಲೇ ಮಖಮಲ್ಲಿನ ಅಂಚು ಎತ್ತಿ ನೋಡಿದರು. ಒಳಗೆ ಫಳಫಳ ಹೊಳೆಯುವ ಪರದೇಶದ ಯಂತ್ರ, ಹಣೆಯಲ್ಲಿ ಮೂರು ಪಟ್ಟೆ.

“ಇದು ಮೋಟಾರ್ ಟೆಸ್ಟ್ ಮಾಡೋ ಯಂತ್ರ ಅಲ್ವೇನ್ರೀ?”

“ಹೌದು ಸರ್.”

“ಯಾವಾಗ ಮಾಡ್ತದೆ?”

ಅಷ್ಟರಲ್ಲಿ ನಾನು ಸ್ವಿಚ್ಚು ಹಾಕಿದೆ. ತಿರುಪು ಬಿಗಿದೆ. ಈ ಸಲ ಬಾರು ಚಕ್ರವನ್ನು ಕಚ್ಚಿತು. ಒಂದು ಮುಳ್ಳು ಏರಿತು, ಇನ್ನೊಂದು ಹಿಂದೆ ಉಳಿಯಿತು. ಮೋಟಾರು ಹಾಡು ನಿಲ್ಲಿಸಿ, ಕೆಸರಿನಲ್ಲಿ ಗಾಡಿ ಎಳೆಯುವ ಎತ್ತಿನ ಹಾಗೆ ಮುಲುಕಿತು. ಕಾಲೇಜಿನ ಆ ಯಂತ್ರ ತನ್ನ ಸೇವಾವಧಿಯಲ್ಲಿ ಮೋಟಾರೊಂದಕ್ಕೆ ಭಾರ ಹಾಕಲು ನೆರವಾದದ್ದು ಅದೊಂದೇ ಸಲ, ಅದೂ ತನ್ನ ವಿಭೂತಿಯಿಂದ.

ಪರೀಕ್ಷಕರು ಸೀನಿದರು, ಮುಳ್ಳು ಓದಿದರು, ಮತ್ತೆ ಸೀನಿದರು. ವೇಗ ಅಳೆದು ಲೆಕ್ಕ ಹಾಕಿದರು. ಮೋಟಾರಿನ ಹಣೆಯ ತಗಡಿನಲ್ಲಿ ಅರ್ಧ ಅಶ್ವಶಕ್ತಿ ಎಂದಿತ್ತು. ಬಂದದ್ದು ಅದರ ಅರ್ಧವೂ ಇಲ್ಲ. ಇನ್ನೊಂದು ಸುತ್ತು ಬಿಗಿದ ಕೂಡಲೇ ಮೋಟಾರು ಗೊರಕೆ ಹೊಡೆದು ನಿಂತುಬಿಟ್ಟಿತು. ಗಿರಿಜಮ್ಮ ಹೇಳಿದ್ದು ಅಕ್ಷರಶಃ ನಿಜ. ಆ ಮೋಟಾರನ್ನು ಸುತ್ತಿದವನು ನಾನೇ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳದ್ದನ್ನು ಹೇಳುವ ಚಪಲ ನನಗೂ ಇರಲಿಲ್ಲ.

ಪರೀಕ್ಷಕರು ಪೆನ್ನು ಮುಚ್ಚಿದರು. “ಮೋಟಾರು ಫೇಲು” ಎಂದರು. “ನೀವು ಪಾಸು.”

ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವನಿಗೆ ಅರ್ಥವಾದದ್ದು ಇಷ್ಟು: ಯಂತ್ರ ನಿಂತುಹೋಯಿತು, ಅದಕ್ಕೆ ಮಗ ಪಾಸಾದ. ದಾರಿಯುದ್ದಕ್ಕೂ ತಲೆ ಕೆರೆದುಕೊಳ್ಳುತ್ತಿದ್ದ.

ನನ್ನ ಅಗ್ಗದ ಯಂತ್ರವನ್ನು ಹೊತ್ತು ಹಾಲಪ್ಪನವರ ಅಂಗಡಿಗೆ ಹೋದೆ. ಗುರುಕಾಣಿಕೆ ಎಂದುಕೊಳ್ಳಿ ಎಂದೆ. ಅವರು ಅದನ್ನು ಓಡಿಸಿ ನೋಡಿದರು, ಬಾಯಿ ತುಂಬ ಹೊಗಳಿದರು, ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು ವಾಪಸು ಕೊಟ್ಟರು. “ಭಾಳ ಖರೇ ಹೇಳೋ ಮಿಶಿನ್ನು ಕಣಪ್ಪಾ ಇದು. ಇದನ್ನ ಅಂಗಡ್ಯಾಗೆ ಇಟ್ಕೊಂಡು ನಾನು ಹೆಂಗೆ ಬದುಕಾಕೆ ಆಗ್ತೈತೆ?” ನನ್ನ ಸಂಶೋಧನೆಗೆ ಸಿಕ್ಕ ಮರ್ಯಾದೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದೇ. ಗಿರಿಜಮ್ಮನ ಮೋಟಾರನ್ನು ಮಾತ್ರ ಬಿಚ್ಚಿ, ತಂತಿ ಸರಿಯಾಗಿ ಎಣಿಸಿ ಮತ್ತೆ ಸುತ್ತಿ, ಬಾರು ಕಟ್ಟಿ ಭಾರ ಹೊರಿಸಿ, ಪಾಸು ಮಾಡಿಸಿಯೇ ನ್ಯಾಮತಿಗೆ ಒಯ್ದೆ. ಗಿರಿಜಮ್ಮ ಅಕ್ಕಿ ಹಾಕಿ ರುಬ್ಬಿ ನೋಡಿದ ಮೇಲೆಯೇ ನನಗೆ ಕಾಫಿ ಕೊಟ್ಟರು.

ಪದವಿ ಸರ್ಟಿಫಿಕೇಟು ಬಂದಿದೆ ಎಂದು ತಿಳಿದ ದಿನ ಅಪ್ಪನೂ ಹೊರಟ. ಆಫೀಸಿನ ಕಿಟಕಿಯ ಮುಂದೆ ನಾನು, ನನ್ನಿಂದ ನಾಲ್ಕು ಮಾರು ಹಿಂದೆ ಅಪ್ಪ. ಹತ್ತಿರ ಬಾ ಎಂದರೂ ಬಾರ. ಗುಮಾಸ್ತರು ಹೊಸಬರು, ಎಳೆಯ ವಯಸ್ಸು. ನನ್ನ ಮುಂದೆ ಸಹಿ ಹಾಕಲು ಪುಸ್ತಕ ತಳ್ಳಿ, ಸರ್ಟಿಫಿಕೇಟನ್ನು ಹೊರಗೆ ಚಾಚಿ, “ಯಜಮಾನ್ರೇ, ನೀವು ಹಿಡ್ಕೊಳ್ಳಿ” ಎಂದರು.

ಅಪ್ಪ ಮುಂದೆ ಬಂದ. ಬಂದವನು ಸೊಂಟ ಬಗ್ಗಿಸಿ, ಎರಡೂ ಕೈ ಸೇರಿಸಿ ಬೊಗಸೆ ಮಾಡಿ, ಮೊಣಕಾಲಿನ ತನಕ ಇಳಿಸಿ ಹಿಡಿದ. ಊರಲ್ಲಿ ಮಿಣಿ ಒಪ್ಪಿಸಿದ ಮೇಲೆ ಕಾಳಾಗಲಿ, ಕಾಸಾಗಲಿ, ಕುಡಿಯು‌ವ ನೀರಾಗಲಿ ಹಾಗೇ ಮೇಲಿನಿಂದ, ಕೈ ಸೋಕದೆ ಬೀಳುತ್ತಿತ್ತು. ಕೈ ಎಷ್ಟು ಕೆಳಗಿದ್ದರೆ ಕೊಡುವವರಿಗೆ ಅಷ್ಟು ನಿಶ್ಚಿಂತೆ. ಗುಮಾಸ್ತರಿಗೆ ಅದು ತಿಳಿಯಲಿಲ್ಲ. ಮುದುಕನಿಗೆ ಎಟುಕಲಿಲ್ಲ ಎಂದುಕೊಂಡರೋ ಏನೋ. ಕಿಟಕಿಯಿಂದ ಭುಜದವರೆಗೆ ಹೊರಗೆ ಬಾಗಿ, ಅಪ್ಪನ ಮುಂಗೈ ಹಿಡಿದು ಮೇಲೆತ್ತಿ, ಅಂಗೈ ಮೇಲೆ ಸರ್ಟಿಫಿಕೇಟು ಇಟ್ಟು, ಬೆರಳು ಮಡಿಸಿದರು. ಗಾಳಿ ಇದೆ, ಗಟ್ಟಿಯಾಗಿ ಹಿಡಿಯಿರಿ ಎಂದರು.

ಬಸ್ ಸ್ಟ್ಯಾಂಡಿನವರೆಗೆ ಅಪ್ಪ ಸರ್ಟಿಫಿಕೇಟನ್ನು ನನ್ನ ಕೈಗೆ ಕೊಡಲಿಲ್ಲ. ಅದರಲ್ಲಿ ಏನು ಬರೆದಿದೆ, ಕೆಲಸ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾನೆಂದು ನಾನು ಕಾದೆ. ಬಸ್ಸು ಹತ್ತಿ ಕೂತ ಮೇಲೆ ನನ್ನ ಕಡೆ ತಿರುಗಿದ.

“ಮ್ಯಾಲಿಂದ ಹಾಕ್ಲಿಲ್ಲ ಕಣೋ ತಮ್ಮಾ” ಎಂದ. “ಕೈಯಾಗೇ ಇಟ್ರು.”